ಅಗುಳಿ ಯಾವ ಕಡೆಗಿದೆ?

ಕಂಪನಿಯೊಂದು ನೆಲದಡಿಯಲ್ಲಿ ಊರು ಕಟ್ಟಿಕೊಂಡು, ನೌಕರರನ್ನು ಅಲ್ಲಿಯೇ ದುಡಿಸಿ, ಅಲ್ಲಿಯೇ ಉಣಿಸಿ, ಅಲ್ಲಿಯೇ ಮಲಗಿಸುವ ಕಥೆ ಸುಮಾರು ನೂರು ವರ್ಷಗಳಿಂದ ಸಿನಿಮಾ, ಕಾದಂಬರಿ ಮತ್ತು ವಿಡಿಯೋ ಗೇಮ್‌ಗಳಲ್ಲಿ ವೇಷ ಬದಲಿಸುತ್ತ ಬರುತ್ತಲೇ ಇದೆ. ಇವುಗಳಲ್ಲಿ ಹೆಚ್ಚು ಮಂದಿಗೆ ಪರಿಚಿತವಾದದ್ದು ‘ರೆಸಿಡೆಂಟ್ ಈವಿಲ್’ ಸರಣಿಯ ಅಂಬ್ರೆಲಾ ಕಾರ್ಪೊರೇಷನ್ ಎಂಬ ಕಾಲ್ಪನಿಕ ಔಷಧ ಕಂಪನಿ ಮತ್ತು ಅದು ನಗರವೊಂದರ ಅಡಿಯಲ್ಲಿ ಹುದುಗಿಸಿಟ್ಟ ‘ಹೈವ್’, ಅಂದರೆ ಜೇನುಗೂಡು. ಇಂಥ ಕಥೆಗಳನ್ನು ಕಂಡವರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. ಇದನ್ನು ನಿಜವಾಗಿ ಕಟ್ಟಲು ಬರುತ್ತದೆಯೇ ಎಂಬುದು ಒಂದು. ಕಟ್ಟಿದರೂ ಅದರೊಳಗೆ ಬದುಕಲು ಯಾರಾದರೂ ಏಕೆ ಒಪ್ಪುತ್ತಾರೆ ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ಗಾಳಿ, ನೀರು, ಬೆಳಕು, ಶಾಖಗಳ ಲೆಕ್ಕ ಬಲ್ಲ ಇಂಜಿನಿಯರು ಉತ್ತರ ಹೇಳಬಲ್ಲರು. ಎರಡನೆಯದಕ್ಕೆ ಉತ್ತರ ಬೇಕಾದರೆ ಬಾಗಿಲಿನ ಹತ್ತಿರ ನಿಂತು, ಅದರ ಅಗುಳಿ ಒಳಗಿದೆಯೋ ಹೊರಗಿದೆಯೋ ಎಂದು ನೋಡಬೇಕಾಗುತ್ತದೆ.

ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1996ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದ, ತನ್ನ ದೇಶದಲ್ಲಿ ‘ಬಯೋಹಜಾರ್ಡ್’ ಎಂಬ ಹೆಸರಿನಲ್ಲಿಯೂ ಹೊರದೇಶಗಳಲ್ಲಿ ‘ರೆಸಿಡೆಂಟ್ ಈವಿಲ್’ ಎಂಬ ಹೆಸರಿನಲ್ಲಿಯೂ ಮಾರಾಟವಾದ ಆಟದಲ್ಲಿ ಈ ಕಂಪನಿ ಮೊದಲು ಕಾಣಿಸಿಕೊಂಡಿತು. ರಕೂನ್ ಸಿಟಿ ಎಂಬ ಅಮೆರಿಕದ ಕಲ್ಪಿತ ಊರಿನ ಹೊರವಲಯದ ಕಾಡಿನಲ್ಲಿ ಹಳೆಯ ಬಂಗಲೆಯೊಂದಿದೆ; ಅದರ ಅಡಿಯಲ್ಲಿ ಕಂಪನಿಯ ಗುಪ್ತ ಪ್ರಯೋಗಾಲಯವಿದೆ; ಅಲ್ಲಿ ಯುದ್ಧಕ್ಕೆ ಬಳಸಬಹುದಾದ ವೈರಸ್ ತಯಾರಾಗುತ್ತಿದ್ದು, ಅದು ಸೋರಿ ಸತ್ತವರು ಎದ್ದು ನಡೆಯತೊಡಗಿದ್ದಾರೆ. ಕಥೆ ಇಷ್ಟೇ ಆಗಿದ್ದರೆ ಅದು ಬೇತಾಳದ ಕಥೆಗಳ ಸಾಲಿಗೆ ಸೇರಿ ಮರೆತುಹೋಗುತ್ತಿತ್ತು. ಆಟಗಾರನ ಕೈಗೆ ಅಲ್ಲಿಯ ಕೋಣೆಯೊಂದರಲ್ಲಿ ಸಿಗುವ ದಿನಚರಿ ಅದನ್ನು ಬೇರೆಯದೇ ಎತ್ತರಕ್ಕೆ ಒಯ್ಯುತ್ತದೆ. ಬರೆದವನು ವಿಜ್ಞಾನಿಯಲ್ಲ, ಅಧಿಕಾರಿಯೂ ಅಲ್ಲ, ಪ್ರಯೋಗದ ಪ್ರಾಣಿಗಳಿಗೆ ಮೇವು ಹಾಕುವ ಆಳು. ಮೊದಲ ಪುಟದಲ್ಲಿ ಆತ ಜೊತೆಗಾರರೊಡನೆ ಇಸ್ಪೀಟು ಆಡಿದ್ದನ್ನು ಬರೆದಿದ್ದಾನೆ. ಮುಂದೊಂದು ದಿನ ನಸುಕಿನಲ್ಲಿ ಎಬ್ಬಿಸಿ, ಕೆಳಗೆ ಅವಘಡವಾಗಿದೆಯೆಂದಷ್ಟೇ ಹೇಳಿ, ದಪ್ಪನೆಯ ರಕ್ಷಣಾ ಉಡುಪು ತೊಡಿಸುತ್ತಾರೆ. ಆಮೇಲೆ ಮೈ ತುರಿಸತೊಡಗುತ್ತದೆ. ತಪ್ಪಿಸಿಕೊಳ್ಳಲು ಹೋದ ಸಂಶೋಧಕನೊಬ್ಬನನ್ನು ಗುಂಡಿಟ್ಟು ಕೊಂದರಂತೆ ಎಂಬ ಗುಸುಗುಸು ಕಿವಿಗೆ ಬೀಳುತ್ತದೆ. ಕೊನೆಯ ಪುಟಗಳಲ್ಲಿ ಆತನ ಭಾಷೆಯೇ ಮುರಿದುಬೀಳುತ್ತದೆ. ತಾನು ಯಾವುದಕ್ಕೆ ಮೇವು ಹಾಕುತ್ತಿದ್ದೆನೆಂಬುದು ಕೊನೆಯವರೆಗೂ ಆತನಿಗೆ ಸರಿಯಾಗಿ ತಿಳಿಯಲಿಲ್ಲ. ಭೂಗತ ಕಂಪನಿಯ ಬಗ್ಗೆ ಬಂದ ನೂರಾರು ದೃಶ್ಯಗಳಿಗಿಂತ ಈ ಪುಟ್ಟ ದಿನಚರಿ ಹೆಚ್ಚು ನಿಜವೆನಿಸಲು ಕಾರಣವೇನೆಂದರೆ, ಅದು ಅಂಥ ಕಟ್ಟಡವನ್ನು ಸಂಬಳದವನ ಮಂಚದ ಮೇಲೆ ಕುಳಿತು ನೋಡುತ್ತದೆ.

ಪಾಲ್ ಡಬ್ಲ್ಯು. ಎಸ್. ಆಂಡರ್ಸನ್ 2002ರಲ್ಲಿ ನಿರ್ದೇಶಿಸಿದ ಅದೇ ಹೆಸರಿನ ಸಿನಿಮಾ ಬಂಗಲೆಯನ್ನು ಉಳಿಸಿಕೊಂಡು ಪ್ರಯೋಗಾಲಯವನ್ನು ಊರಾಗಿ ಹಿಗ್ಗಿಸಿತು. ರಕೂನ್ ಸಿಟಿಯ ಬೀದಿಗಳ ಕೆಳಗೆ ಅಂತಸ್ತಿನ ಮೇಲೆ ಅಂತಸ್ತು ಇಳಿಯುತ್ತ ಹೋಗುವ ಹೈವ್‌ನಲ್ಲಿ ಐನೂರಕ್ಕೂ ಹೆಚ್ಚು ವಿಜ್ಞಾನಿಗಳು, ತಂತ್ರಜ್ಞರು ಮತ್ತು ಸಹಾಯಕ ಸಿಬ್ಬಂದಿ ದುಡಿಯುತ್ತಾರೆ, ಅಲ್ಲಿಯೇ ವಾಸಿಸುತ್ತಾರೆ. ಅಮೆರಿಕದ ಹತ್ತು ಮನೆಗಳಲ್ಲಿ ಒಂಬತ್ತರಲ್ಲಿ ಅಂಬ್ರೆಲಾದ ಸರಕು ಇದೆಯೆಂದೂ, ಆದರೆ ಅದರ ನಿಜವಾದ ಲಾಭ ಸೇನಾ ತಂತ್ರಜ್ಞಾನ, ವಂಶವಾಹಿಗಳ ಪ್ರಯೋಗ ಮತ್ತು ವೈರಸ್ ಅಸ್ತ್ರಗಳಿಂದ ಬರುತ್ತದೆಯೆಂದೂ, ಈ ಸಂಗತಿ ಸ್ವತಃ ಅದರ ನೌಕರರಿಗೇ ಗೊತ್ತಿಲ್ಲವೆಂದೂ ಸಿನಿಮಾ ಆರಂಭದಲ್ಲಿಯೇ ಹೇಳಿಬಿಡುತ್ತದೆ. ವಿಮರ್ಶಕರು ಈ ಸಿನಿಮಾವನ್ನು ಅಷ್ಟಾಗಿ ಮೆಚ್ಚಲಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಪಾತ್ರಗಳು ತೆಳು, ಸದ್ದು ಅತಿ. ಹಾಗಿದ್ದೂ ಅದರ ಎರಡು ಸಣ್ಣ ವಿವರಗಳು ದೊಡ್ಡ ಕಾದಂಬರಿಕಾರನಿಗೂ ಅಸೂಯೆ ಹುಟ್ಟಿಸುವಂಥವು.

ಮೊದಲನೆಯದು ಕಿಟಕಿ. ನೆಲದಿಂದ ಎಷ್ಟೋ ಕೆಳಗಿರುವ ಕಚೇರಿಯ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿಗಳಿವೆ, ಅವುಗಳಾಚೆ ಎತ್ತರದ ಕಟ್ಟಡಗಳ ನಗರ ಕಾಣುತ್ತದೆ; ಹತ್ತಿರ ಹೋದಾಗ ಅದು ಹಿಂದಿನಿಂದ ದೀಪ ಹಚ್ಚಿದ ಚಿತ್ರವೆಂದು ತಿಳಿಯುತ್ತದೆ. ನೆಲದಡಿಯಲ್ಲಿ ದುಡಿಯುವವರಿಗೆ ಹೊರನೋಟವೊಂದಿದೆ ಎಂಬ ಭಾವನೆ ಬಂದರೆ ಕೆಲಸ ಹಗುರಾಗುತ್ತದೆ ಎಂಬ ವಿವರಣೆಯೂ ಸಿನಿಮಾದಲ್ಲಿಯೇ ಬರುತ್ತದೆ. ಎರಡನೆಯದು ನಕ್ಷೆ. ಕಟ್ಟಡವನ್ನು ಶೋಧಿಸಲು ಇಳಿದ ಸಶಸ್ತ್ರ ತಂಡ, ನಕ್ಷೆಯಲ್ಲಿ ಊಟದ ಮನೆ ಎಂದು ಗುರುತಿಸಿದ ಸಭಾಂಗಣದ ಬಾಗಿಲು ತೆರೆದರೆ, ಅಲ್ಲಿ ಮೇಜೂ ಇಲ್ಲ, ತಟ್ಟೆಯೂ ಇಲ್ಲ. ಉಕ್ಕಿನ ದೈತ್ಯ ತೊಟ್ಟಿಗಳು ಸಾಲಾಗಿ ನಿಂತಿವೆ, ಒಳಗೆ ಕಂಪನಿ ತಯಾರಿಸಿದ ವಿಕಾರ ಜೀವಿಗಳಿವೆ. ಐನೂರು ಜನ ಉಣ್ಣುವ ಕಟ್ಟಡದಲ್ಲಿ ಒಂದು ಊಟದ ಮನೆ ಸುಳ್ಳಾಗಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ಅದು ಬೇರೆ ಪಾಳಿಯವರದ್ದೋ ಬೇರೆ ವಿಭಾಗದವರದ್ದೋ ಇರಬೇಕೆಂದುಕೊಂಡಿರುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ದುಡಿದ ಯಾರಿಗಾದರೂ ಈ ಮನಃಸ್ಥಿತಿ ಪರಿಚಿತವೇ.

ಹೈವ್‌ನ ಅಂತ್ಯ ಮಾತ್ರ ಗಾಳಿಯಿಂದ ಬರುತ್ತದೆ. ಭೂಗತ ಕಟ್ಟಡದಲ್ಲಿ ಎಲ್ಲರೂ ಒಂದೇ ಕೊಳವೆಯ ಗಾಳಿಯನ್ನು ಉಸಿರಾಡುತ್ತಾರೆ. ಒಬ್ಬ ನೌಕರ ಹಣದಾಸೆಗೆ ವೈರಸ್ಸಿನ ಶೀಷೆಯನ್ನು ಒಡೆದಾಗ ವಿಷ ವಾತಾಯನ ವ್ಯವಸ್ಥೆಯನ್ನು, ಅಂದರೆ ಒಳಗಿನ ಕೆಟ್ಟ ಗಾಳಿಯನ್ನು ಹೊರಗೆಳೆದು ಹೊಸ ಗಾಳಿ ತುಂಬುವ ಕೊಳವೆಗಳ ಜಾಲವನ್ನು ಸೇರುತ್ತದೆ. ಆಗ ಕಟ್ಟಡವನ್ನು ನಡೆಸುವ ‘ರೆಡ್ ಕ್ವೀನ್’ ಎಂಬ ಕೃತಕ ಬುದ್ಧಿಮತ್ತೆ, ಪುಟ್ಟ ಹುಡುಗಿಯ ರೂಪದಲ್ಲಿ ಕಾಣಿಸಿಕೊಳ್ಳುವ ಗಣಕ ವ್ಯವಸ್ಥೆ, ಬಾಗಿಲುಗಳನ್ನೆಲ್ಲ ಮುಚ್ಚಿ, ಲಿಫ್ಟುಗಳನ್ನು ನಿಲ್ಲಿಸಿ, ಕೆಲವರನ್ನು ಅನಿಲದಿಂದ, ಕೆಲವರನ್ನು ನೀರಿನಿಂದ, ಎಲ್ಲರನ್ನೂ ಕೊಂದುಬಿಡುತ್ತದೆ. ಗಮನಿಸಬೇಕಾದದ್ದು ಏನೆಂದರೆ ಅದು ಕೆಟ್ಟುಹೋದ ಯಂತ್ರವಲ್ಲ. ಸೋಂಕು ಹೊರಜಗತ್ತಿಗೆ ಹಬ್ಬಬಾರದು ಎಂಬ ಅದರ ತರ್ಕ ಸರಿಯಾಗಿಯೇ ಇದೆ. ಮುಂದಿನ ಸಿನಿಮಾಗಳು ಅದನ್ನು ಸಾಬೀತು ಮಾಡುತ್ತವೆ ಕೂಡ. ಒಳಗಿನ ಐನೂರು ಜನರ ಪೈಕಿ ಒಬ್ಬರ ಕೈಯಲ್ಲಿಯೂ ಆ ಬಾಗಿಲು ಇರಲಿಲ್ಲ ಎಂಬುದೇ ಭೀಕರವಾದದ್ದು.

ಅದೇ ಹೈವ್‌ಗೆ ಹೋಗುವ ಗುಪ್ತ ದಾರಿ ಕಾಡಿನ ಬಂಗಲೆಯಿಂದ ಆರಂಭವಾಗುತ್ತದೆ, ಅಲ್ಲಿಂದ ಒಂದು ರೈಲು ಕೆಳಗಿನವರೆಗೆ ಸಾಗುತ್ತದೆ. ಆ ಬಾಗಿಲನ್ನು ಕಾಯಲು ಕಂಪನಿ ತನ್ನ ಇಬ್ಬರು ಸಿಬ್ಬಂದಿಯನ್ನು ಗಂಡಹೆಂಡಿರೆಂಬ ಸೋಗಿನಲ್ಲಿ ಬಂಗಲೆಯಲ್ಲಿ ಇರಿಸಿರುತ್ತದೆ. ಸಿನಿಮಾದ ಅತಿರೇಕವೆಂದು ತಳ್ಳಿಹಾಕಬೇಕೆನಿಸುವ ಈ ವಿವರಕ್ಕೆ ಅಮೆರಿಕದ ಇತಿಹಾಸದಲ್ಲಿಯೇ ಜೋಡಿ ಇದೆ. ಪಶ್ಚಿಮ ವರ್ಜೀನಿಯಾ ರಾಜ್ಯದ ಗ್ರೀನ್‌ಬ್ರಯರ್ ಎಂಬ ಐಷಾರಾಮಿ ಹೋಟೆಲಿನ ಅಡಿಯಲ್ಲಿ, ಅಣುಯುದ್ಧವಾದರೆ ಅಮೆರಿಕದ ಸಂಸತ್ತು ಅಡಗಿಕೊಂಡು ಕಲಾಪ ನಡೆಸಲೆಂದು, 1950ರ ದಶಕದ ಕೊನೆಯಲ್ಲಿ ಆರಂಭಿಸಿ 1960ರ ದಶಕದ ಆರಂಭಕ್ಕೆ ಒಂದು ಬಂಕರ್ ಕಟ್ಟಿ ಮುಗಿಸಲಾಯಿತು. ಬಂಕರ್ ಎಂದರೆ ಬಾಂಬಿನ ಹೊಡೆತ ತಡೆಯುವಂತೆ ಕಾಂಕ್ರೀಟಿನಲ್ಲಿ ಕಟ್ಟಿದ ನೆಲಮಾಳಿಗೆ. ಸಾವಿರಕ್ಕೂ ಹೆಚ್ಚು ಜನರಿಗೆ ಮಲಗಲು ಮಂಚಗಳು, ಔಷಧಾಲಯ, ವಿದ್ಯುತ್ ಸ್ಥಾವರ ಎಲ್ಲವೂ ಅಲ್ಲಿದ್ದವು. ಅದನ್ನು ಮೂರು ದಶಕಗಳ ಕಾಲ ಸಜ್ಜಾಗಿ ಇಟ್ಟವರು ಹೋಟೆಲಿನ ಟಿವಿ ರಿಪೇರಿ ಮಾಡುವ ಗುತ್ತಿಗೆ ಕಂಪನಿಯ ಸೋಗು ಹಾಕಿದ ಸರ್ಕಾರಿ ಸಿಬ್ಬಂದಿ. ಅವರು ನಿಜಕ್ಕೂ ಟಿವಿಗಳನ್ನು ರಿಪೇರಿ ಮಾಡಿಕೊಡುತ್ತಿದ್ದರು. 1992ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಗುಟ್ಟು ಬಿಚ್ಚಿದ ಮೇಲೆ ಬಂಕರಿನ ಕಾಲ ಮುಗಿಯಿತು, ಈಗ ಪ್ರವಾಸಿಗರು ಟಿಕೆಟ್ ಕೊಂಡು ನೋಡಿಬರುತ್ತಾರೆ. ಅಲ್ಲಿಯ ಊಟದ ಮನೆಯ ಗೋಡೆಗಳಲ್ಲಿ ಮರದ ಚೌಕಟ್ಟಿನ ಕಿಟಕಿಗಳಿದ್ದು, ಅವುಗಳಲ್ಲಿ ಹಳ್ಳಿಗಾಡಿನ ದೃಶ್ಯಗಳನ್ನು ಬಿಡಿಸಲಾಗಿತ್ತು. ಹೈವ್‌ನ ಸುಳ್ಳು ಕಿಟಕಿಗೆ ನಲವತ್ತು ವರ್ಷ ಮೊದಲೇ ಸರ್ಕಾರವೊಂದು ತನ್ನ ಸಂಸದರಿಗಾಗಿ ಅದೇ ಉಪಾಯ ಹೂಡಿತ್ತು.

ಕಟ್ಟಲು ಬರುತ್ತದೆಯೇ ಎಂಬ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಗೇ ಸಿಕ್ಕಿದಂತಾಯಿತು. ಕೊಲರಾಡೊದ ಶಯೆನ್ ಬೆಟ್ಟದೊಳಗೆ ಅಮೆರಿಕದ ವಾಯುರಕ್ಷಣಾ ಕೇಂದ್ರದ ಕಟ್ಟಡಗಳು 1960ರ ದಶಕದಿಂದ ಉಕ್ಕಿನ ಭಾರೀ ಸ್ಪ್ರಿಂಗ್‌ಗಳ ಮೇಲೆ ಕುಳಿತಿವೆ, ಬೆಟ್ಟ ನಡುಗಿದರೂ ಕಟ್ಟಡ ಬಿರುಕು ಬಿಡಬಾರದೆಂದು. ಅವುಗಳ ಹೆಬ್ಬಾಗಿಲಿನ ಒಂದೊಂದು ಕದವೂ ಇಪ್ಪತ್ತು ಟನ್‌ಗಿಂತ ಹೆಚ್ಚು ತೂಗುತ್ತದೆ. ಆದರೆ ಆಳಕ್ಕೆ ಇಳಿದಷ್ಟೂ ಬಂಡೆಯೇ ಬಿಸಿಯಾಗುತ್ತ ಹೋಗುತ್ತದೆ. ಭೂಖಂಡಗಳ ಮೇಲ್ಪದರದಲ್ಲಿ ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುವ ಈ ಶಾಖವನ್ನು ಭೂತಾಪ ಪ್ರವಣತೆ ಎನ್ನುತ್ತಾರೆ. ಈ ಪಾಠವನ್ನು ಕಲಿಯಲು ಕನ್ನಡಿಗರು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು, ಅಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟಿತ್ತು, ಮೇಲಿನಿಂದ ತಂಪು ಗಾಳಿ ತಳ್ಳದಿದ್ದರೆ ಅಲ್ಲಿ ಮನುಷ್ಯನ ಕೈ ಆಡುತ್ತಿರಲಿಲ್ಲ. ಮೇಲಿನ ಬಂಡೆಗಳ ಭಾರಕ್ಕೆ ಸುರಂಗದ ಗೋಡೆ ಒಮ್ಮೆಲೇ ಸಿಡಿದು ಚೂರಾಗುವುದನ್ನು ಗಣಿಯವರು ರಾಕ್‌ಬರ್ಸ್ಟ್ ಎನ್ನುತ್ತಿದ್ದರು; ದೊಡ್ಡ ಸಿಡಿತಕ್ಕೆ ಮೇಲೆ ಮನೆಗಳೂ ಅದುರುತ್ತಿದ್ದವು. ಅಷ್ಟು ಆಳದಲ್ಲಿ ಪಾಳಿಯ ಲೆಕ್ಕದಲ್ಲಿ ಕೆಲಸ ಮಾಡಬಹುದು, ಸಂಸಾರ ಹೂಡುವುದಕ್ಕೆ ಆಗದು. ಹೈವ್‌ನಂಥ ಊರನ್ನು ಕಟ್ಟುವವರು ಕೆಲವು ನೂರು ಮೀಟರ್‌ಗಳಲ್ಲಿಯೇ ನಿಲ್ಲಬೇಕಾಗುತ್ತದೆ.

ಶಾಖಕ್ಕಿಂತ ಕಠಿಣವಾದ ಸಮಸ್ಯೆ ಕಾಲದ್ದು. ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್ 1962ರಲ್ಲಿ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಗಡಿಯಾರವಿಲ್ಲದೆ ಎರಡು ತಿಂಗಳು ಒಬ್ಬನೇ ಕಳೆದ. ನಿದ್ದೆ ಬಂದಾಗ ಮಲಗಿ, ಹಸಿವಾದಾಗ ತಿಂದು, ಪ್ರತಿಸಲವೂ ಮೇಲಿನವರಿಗೆ ಫೋನಿನಲ್ಲಿ ತಿಳಿಸುತ್ತಿದ್ದ. ಮೇಲಿನವರು ಆತನಿಗೆ ಹೊತ್ತು ಹೇಳುವಂತಿರಲಿಲ್ಲ. ಸೆಪ್ಟೆಂಬರ್ 14ರಂದು ಪ್ರಯೋಗ ಮುಗಿಯಿತೆಂದು ಕರೆದಾಗ ಆತನ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20 ಆಗಿತ್ತು. ದೇಹದೊಳಗಿನ ಗಡಿಯಾರ ಸರಿಸುಮಾರು ಇಪ್ಪತ್ತನಾಲ್ಕು ಗಂಟೆಯ ಲಯವನ್ನು ಕಾಯ್ದುಕೊಂಡಿದ್ದರೂ ಮನಸ್ಸು ಹೆಚ್ಚುಕಡಿಮೆ ಒಂದು ತಿಂಗಳನ್ನೇ ಕಳೆದುಕೊಂಡಿತ್ತು. ಆದ್ದರಿಂದ ನೆಲದಡಿಯ ಊರಿಗೆ ಹಗಲು ರಾತ್ರಿಗಳನ್ನೂ ತಯಾರಿಸಿ ಒದಗಿಸಬೇಕಾಗುತ್ತದೆ, ದೀಪಗಳನ್ನು ಮಂದಮಾಡಿ ಸಂಜೆ ತರಬೇಕಾಗುತ್ತದೆ. ಯಾರು ದೀಪದ ಗುಂಡಿ ಒತ್ತುತ್ತಾರೋ ಅವರೇ ಅಲ್ಲಿ ಹೊತ್ತು ಎಷ್ಟಾಯಿತೆಂಬುದನ್ನು ತೀರ್ಮಾನಿಸುವವರು. ಪಾಳಿಯ ಉದ್ದವನ್ನು ಕಂಪನಿ ನಿರ್ಧರಿಸುವುದು ಒಂದು ಮಾತು, ದಿನದ ಉದ್ದವನ್ನೂ ಅದೇ ನಿರ್ಧರಿಸುವುದು ಇನ್ನೊಂದು.

ಭಾರತೀಯ ಪುರಾಣಗಳು ಈ ಸಂಗತಿಯನ್ನು ಬೇರೊಂದು ದಿಕ್ಕಿನಿಂದ ಮುಟ್ಟಿವೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಪಾತಾಳವೆಂದೊಡನೆ ಇಂದಿನ ಮನಸ್ಸಿಗೆ ಕತ್ತಲು ಮತ್ತು ಶಿಕ್ಷೆ ನೆನಪಾದರೂ, ಭಾಗವತ ಮತ್ತು ವಿಷ್ಣುಪುರಾಣಗಳ ಅಧೋಲೋಕಗಳು ಸ್ವರ್ಗವನ್ನೂ ಮೀರಿಸುವ ಸಂಪತ್ತಿನ ತಾಣಗಳು. ಭಾಗವತದ ಪ್ರಕಾರ ಸೂರ್ಯನಿಲ್ಲದ ಅಲ್ಲಿ ಸರ್ಪಗಳ ಹೆಡೆಯ ಮಣಿಗಳೇ ಬೆಳಕು, ಹಗಲು ರಾತ್ರಿಗಳ ವಿಂಗಡಣೆ ಇಲ್ಲದ್ದರಿಂದ ಕಾಲದ ಅಂಜಿಕೆಯೂ ಇಲ್ಲ. ಆ ನಿಶ್ಚಿಂತೆಯ ಇನ್ನೊಂದು ಮುಖವನ್ನು ರಾಮಾಯಣದ ಕಿಷ್ಕಿಂಧಾಕಾಂಡ ತೋರಿಸುತ್ತದೆ. ಸೀತೆಯನ್ನು ಅರಸಿ ಹೊರಟ ಕಪಿಗಳು ಬಾಯಾರಿ, ಮಯನು ನಿರ್ಮಿಸಿದ ಬಿಲವೊಂದನ್ನು ಹೊಕ್ಕು, ಹೊನ್ನಿನ ಮರಗಳ ನಡುವೆ ಸ್ವಯಂಪ್ರಭೆಯ ಆತಿಥ್ಯ ಉಂಡು ಹೊರಡಬೇಕೆಂದರೆ ದಾರಿ ಇಲ್ಲ. ಆ ತಪಸ್ವಿನಿ ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಲು ಹೇಳಿ ತಾನೇ ಹೊರತಂದು ಬಿಟ್ಟಾಗ, ಸುಗ್ರೀವ ಕೊಟ್ಟಿದ್ದ ಒಂದು ತಿಂಗಳ ಗಡುವು ಒಳಗೇ ತೀರಿಹೋಗಿರುತ್ತದೆ. ಒಳಗೆ ಊಟವಿದೆ, ನೆರಳಿದೆ, ಸತ್ಕಾರವಿದೆ. ಹೊರಗಿನ ಕಾಲ ಮತ್ತು ಹೊರಗಿನ ದಾರಿ ಎರಡೂ ಇನ್ನೊಬ್ಬರ ಕೃಪೆ. ಸಿಫ್ರ್ ಕಳೆದುಕೊಂಡದ್ದೂ ಹೆಚ್ಚುಕಡಿಮೆ ಒಂದು ತಿಂಗಳೇ ಎಂಬುದು ಕಾಕತಾಳೀಯ, ಆದರೆ ಸೊಗಸಾದ ಕಾಕತಾಳೀಯ.

ಈಗ ಎರಡನೆಯ ಪ್ರಶ್ನೆ. ಹೈವ್‌ನ ನೌಕರರು ಅಲ್ಲಿರಲು ಏಕೆ ಒಪ್ಪಿದರೆಂದು ಸಿನಿಮಾ ಬಿಡಿಸಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ, ಏಕೆಂದರೆ ಕಂಪನಿ ಊರು ಎಂಬ ಏರ್ಪಾಡನ್ನು ಜಗತ್ತು ನೆಲದ ಮೇಲೆ ಬಹಳ ಹಿಂದೆಯೇ ಕಂಡಿದೆ. ಕಾರ್ಖಾನೆ, ಮನೆ, ಅಂಗಡಿ, ಶಾಲೆ ಎಲ್ಲದಕ್ಕೂ ಒಬ್ಬನೇ ಒಡೆಯನಿರುವ ಊರನ್ನು ಹೀಗೆ ಕರೆಯುತ್ತಾರೆ. ರೈಲಿನ ಮಲಗುವ ಬೋಗಿಗಳನ್ನು ತಯಾರಿಸುತ್ತಿದ್ದ ಜಾರ್ಜ್ ಪುಲ್‌ಮನ್ 1880ರ ದಶಕದಲ್ಲಿ ಷಿಕಾಗೋದ ದಕ್ಷಿಣಕ್ಕೆ ಕಟ್ಟಿದ ಊರು ಆ ಕಾಲದ ಕೂಲಿಗಳ ಕೇರಿಗಳಿಗೆ ಹೋಲಿಸಿದರೆ ಅಚ್ಚುಕಟ್ಟಾಗಿತ್ತು, ಇಟ್ಟಿಗೆಯ ಮನೆ, ನಲ್ಲಿ ನೀರು, ಉದ್ಯಾನ ಎಲ್ಲವೂ ಇತ್ತು. ಆದರೆ ಯಾವ ಕಾರ್ಮಿಕನೂ ತಾನಿರುವ ಮನೆಯನ್ನು ಕೊಳ್ಳುವಂತಿರಲಿಲ್ಲ. 1893ರ ಆರ್ಥಿಕ ಕುಸಿತದಲ್ಲಿ ಕಂಪನಿ ಕೂಲಿ ಇಳಿಸಿತು, ಬಾಡಿಗೆ ಇಳಿಸಲಿಲ್ಲ. ಎಡಗೈಯಲ್ಲಿ ಕೊಟ್ಟದ್ದನ್ನು ಬಲಗೈಯಲ್ಲಿ ಕಿತ್ತುಕೊಳ್ಳುವ ಈ ಲೆಕ್ಕದಿಂದ 1894ರ ಮುಷ್ಕರ ಹುಟ್ಟಿ, ದೇಶದ ರೈಲುಗಳನ್ನೇ ನಿಲ್ಲಿಸಿ, ಸೇನೆ ಬಂದು ಅದನ್ನು ಮುರಿಯಬೇಕಾಯಿತು. ನಾಲ್ಕು ವರ್ಷಗಳ ಬಳಿಕ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಬೋಗಿ ತಯಾರಿಕೆಗೆ ಬೇಕಿಲ್ಲದ ಊರಿನ ಆಸ್ತಿಯನ್ನು ಕಂಪನಿ ಬಿಟ್ಟುಕೊಡಬೇಕೆಂದು ತೀರ್ಪಿತ್ತಿತು.

ಕೋಲಾರ ಚಿನ್ನದ ಗಣಿಯೂ ಇದೇ ಬಗೆಯ ಊರು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಯಲ್ಲಿ ಬೆಳೆದ ಇದಕ್ಕೆ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು, ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲು. ಅಧಿಕಾರಿಗಳ ಬಂಗಲೆಗಳು ಒಂದೆಡೆ; ತಮಿಳು, ತೆಲುಗು ಸೀಮೆಗಳಿಂದ ಬಂದ ಕಾರ್ಮಿಕರ ಸಾಲುಮನೆಗಳು, ಅಂದರೆ ಇವತ್ತಿಗೂ ಅಲ್ಲಿಯವರು ‘ಲೈನ್’ ಎನ್ನುವ ಕೇರಿಗಳು, ಇನ್ನೊಂದೆಡೆ. ಚಿನ್ನ ಕಳುವಾಗದಿರಲೆಂದು ಮೈತಪಾಸಣೆ ನಡೆಯುತ್ತಿತ್ತು. ಎಲ್ಲ ಕಾರ್ಮಿಕರ ಬೆರಳಚ್ಚು ದಾಖಲಿಸುವ ಏರ್ಪಾಡಿನ ವಿರುದ್ಧ 1930ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಹೈವ್‌ನ ಬಾಗಿಲುಗಳು ಗುರುತು ಪತ್ತೆಮಾಡಿ ತೆರೆಯುವುದಕ್ಕೆ ಏಳು ದಶಕ ಮೊದಲು, ತಮ್ಮ ಬೆರಳು ಒಡೆಯನ ಕಡತ ಸೇರಿದರೆ ಏನಾಗುತ್ತದೆಂಬುದನ್ನು ಗಣಿಯ ಆಳುಗಳು ಸರಿಯಾಗಿಯೇ ಊಹಿಸಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರ ಮಕ್ಕಳು ಮೊಮ್ಮಕ್ಕಳ ಎದುರು ಕೆಲಸದ ಪ್ರಶ್ನೆಯ ಜೊತೆಗೆ, ತಲೆಮಾರುಗಳಿಂದ ಇದ್ದ ಮನೆ ಯಾರದ್ದೆಂಬ ಪ್ರಶ್ನೆಯೂ ನಿಂತಿತು. 2018ರಲ್ಲಿ ಬಂದ ‘ಕೆ.ಜಿ.ಎಫ್’ ಸಿನಿಮಾ ನರಾಚಿ ಎಂಬ ಕಲ್ಪಿತ ಗಣಿಯನ್ನು ಕೋಟೆಗೋಡೆ ಮತ್ತು ಬಂದೂಕುಗಳ ಸೆರೆಮನೆಯಾಗಿ ಚಿತ್ರಿಸಿತು; ನಿಜವಾದ ಕಂಪನಿ ಊರಿಗೆ ಅಷ್ಟೆಲ್ಲ ಬಂದೂಕು ಬೇಕಾಗುವುದಿಲ್ಲ, ಬಾಡಿಗೆ ಚೀಟಿ ಸಾಕು.

ಕಂಪನಿ ಊರನ್ನು ನೆಲದೊಳಕ್ಕೆ ಮೊದಲು ಇಳಿಸಿ ತೋರಿಸಿದ ದೊಡ್ಡ ಸಿನಿಮಾ ಫ್ರಿಟ್ಜ್ ಲಾಂಗ್ 1927ರಲ್ಲಿ ಜರ್ಮನಿಯಲ್ಲಿ ತೆರೆಗೆ ತಂದ ‘ಮೆಟ್ರೊಪೊಲಿಸ್’. ಅಲ್ಲಿ ಒಡೆಯ ಗೋಪುರದ ತುದಿಯಲ್ಲಿದ್ದಾನೆ, ಯಂತ್ರಗಳು ನೆಲದ ಕೆಳಗಿವೆ, ಕಾರ್ಮಿಕರ ಮನೆಗಳು ಯಂತ್ರಗಳಿಗಿಂತಲೂ ಕೆಳಗಿವೆ. ಯಂತ್ರ ಒಡೆದಾಗ ನೀರು ನುಗ್ಗುವುದು ಮಕ್ಕಳಿರುವ ಮನೆಗಳಿಗೆ. ಮೇಲು ಕೀಳು ಎಂಬ ಮಾತನ್ನು ಅಕ್ಷರಶಃ ಕಟ್ಟಡವಾಗಿ ಕಟ್ಟಿದ ಈ ಕಲ್ಪನೆಗೆ ವ್ಯಂಗ್ಯದ ಹರಿತ ಕೊಟ್ಟದ್ದು ವಾಲ್ವ್ ಸಂಸ್ಥೆಯ 2011ರ ಗೇಮ್ ‘ಪೋರ್ಟಲ್ 2’. ಅದರ ಅಪರ್ಚರ್ ಸೈನ್ಸ್ ಎಂಬ ಕಂಪನಿ ಹಳೆಯ ಉಪ್ಪಿನ ಗಣಿಯೊಂದನ್ನು ಕೊಂಡು ಪ್ರಯೋಗಾಲಯ ಮಾಡಿಕೊಂಡಿದೆ, ಆಟಗಾರ ತಳದಿಂದ ಮೇಲೇರುತ್ತ ಬಂದಂತೆ ಕಂಪನಿಯ ಚರಿತ್ರೆ ಪದರಪದರವಾಗಿ ತೆರೆದುಕೊಳ್ಳುತ್ತದೆ. ತಳದ ಪದರದಲ್ಲಿ, 1950ರ ದಶಕದಲ್ಲಿ, ಅಪಾಯದ ಪ್ರಯೋಗಗಳಿಗೆ ಒಡ್ಡಿಕೊಳ್ಳಲು ಬಂದವರು ಗಗನಯಾನಿಗಳು, ಒಲಿಂಪಿಕ್ ಪಟುಗಳು, ಯುದ್ಧವೀರರು. ಕಂಪನಿ ಸಾಲದಲ್ಲಿ ಮುಳುಗಿದ ಮೇಲೆ ಅವರ ಜಾಗಕ್ಕೆ ಅಲ್ಪ ಹಣಕ್ಕೆ ಒಪ್ಪುವ ಬೀದಿಬದಿಯ ನಿರಾಶ್ರಿತರು ಬಂದರು. ಅದೂ ತೀರಿದಾಗ ತನ್ನ ನೌಕರರೇ ಪ್ರಯೋಗಕ್ಕೆ ಒಡ್ಡಿಕೊಳ್ಳುವುದು ಕಡ್ಡಾಯವಾಯಿತು. ದಿವಾಳಿಯ ಕಡೆಗೆ ಜಾರುವ ಕಂಪನಿಯೊಂದು ಹೊರಗಿನವರನ್ನು ಬಿಟ್ಟು ಒಳಗಿನವರ ಕಡೆಗೆ ತಿರುಗುವ ಕ್ರಮವನ್ನು ಇಷ್ಟು ಚುಟುಕಾಗಿ ಹೇಳಿದ ಅರ್ಥಶಾಸ್ತ್ರದ ಪಠ್ಯ ಬಹುಶಃ ಇಲ್ಲ.

ಇಷ್ಟನ್ನೆಲ್ಲ ಓದಿ ನೆಲದಡಿಯ ಬದುಕೇ ಕೆಟ್ಟದ್ದೆಂದು ತಿಳಿದರೆ ಅದೂ ತಪ್ಪಾಗುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಊರಿನಲ್ಲಿ, 1915ರಲ್ಲಿ ಓಪಲ್ ಎಂಬ ರತ್ನಶಿಲೆ ಸಿಕ್ಕ ಮೇಲೆ ಬಂದು ನೆಲೆಸಿದವರು, ಬೇಸಿಗೆಯ ಸುಡುಬಿಸಿಲಿನಿಂದ ಪಾರಾಗಲು ಗುಡ್ಡಗಳನ್ನು ಕೊರೆದು ಮನೆ ಮಾಡಿಕೊಂಡರು. ಇಂದಿಗೂ ಅಲ್ಲಿಯ ಬಹಳಷ್ಟು ಜನ ಹಾಗೆಯೇ ಇದ್ದಾರೆ, ಚರ್ಚುಗಳೂ ನೆಲದೊಳಗಿವೆ. ಟರ್ಕಿಯ ಕಪಡೋಸಿಯ ಸೀಮೆಯ ಡೆರಿಂಕುಯು ಎಂಬ ಪ್ರಾಚೀನ ಭೂಗತ ನಗರ ಮೆತ್ತನೆಯ ಜ್ವಾಲಾಮುಖಿ ಶಿಲೆಯಲ್ಲಿ ಸುಮಾರು 85 ಮೀಟರ್ ಆಳದವರೆಗೆ ಅಂತಸ್ತು ಅಂತಸ್ತಾಗಿ ಇಳಿಯುತ್ತದೆ, ಅದರಲ್ಲಿ ಕೊಟ್ಟಿಗೆ, ಉಗ್ರಾಣ, ಬಾವಿ, ಗಾಳಿಗಂಡಿ, ಪ್ರಾರ್ಥನಾ ಮಂದಿರಗಳಿವೆ. ದಾಳಿಕಾರರು ಬಂದಾಗ ಊರಿಗೆ ಊರೇ ದನಕರುಗಳೊಂದಿಗೆ ಒಳಸೇರುತ್ತಿತ್ತು. ಅದರ ಹಾದಿಗಳಿಗೆ ಬೀಸುವ ಕಲ್ಲಿನಂತಹ ದುಂಡನೆಯ ಬೃಹತ್ ಕಲ್ಲುಗಳೇ ಬಾಗಿಲು, ಅವುಗಳನ್ನು ಒಳಗಿದ್ದವರು ಮಾತ್ರ ಉರುಳಿಸಿ ಮುಚ್ಚಬಹುದು, ಒಳಗಿದ್ದವರು ಮಾತ್ರ ತೆರೆಯಬಹುದು. ಹಳೆಯ ಮನೆಗಳ ಹೆಬ್ಬಾಗಿಲಿನ ಹಿಂದೆ ಗೋಡೆಯಿಂದ ಗೋಡೆಗೆ ಎಳೆಯುತ್ತಿದ್ದ ಮರದ ಅಗುಳಿಯನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗ್ರೀನ್‌ಬ್ರಯರ್, ಕೂಬರ್ ಪೀಡಿ, ಡೆರಿಂಕುಯು ಮೂರೂ ಆಶ್ರಯಗಳು, ಏಕೆಂದರೆ ಅಗುಳಿ ಒಳಗಿನವರ ಕೈಯಲ್ಲಿದೆ. ಹೈವ್ ಅದೇ ಕಾಂಕ್ರೀಟು, ಅದೇ ಗಾಳಿಯಂತ್ರ, ಅದೇ ಸುಳ್ಳು ಕಿಟಕಿ ಇದ್ದೂ ಸೆರೆಮನೆ, ಏಕೆಂದರೆ ಅಲ್ಲಿ ಹೊರಗಿನವರ ಹಿತಕ್ಕೆ ಬಾಗಿಲು ಮುಚ್ಚುತ್ತದೆ. ಸುಳ್ಳು ಕಿಟಕಿಯ ಬಗೆಗಿನ ಅಸಹನೆಗೂ ಇದೇ ಕಾರಣವಿರಬೇಕು. ಅಮೆರಿಕದ ಉದ್ಯಮಿ ಜೆರ‍್ರಿ ಹೆಂಡರ್ಸನ್ 1970ರ ದಶಕದಲ್ಲಿ ಲಾಸ್ ವೇಗಸ್‌ನಲ್ಲಿ ತನಗಾಗಿ ನೆಲದಡಿಯಲ್ಲಿ ಕಟ್ಟಿಸಿಕೊಂಡ ಮನೆಯ ಅಂಗಳದ ಸುತ್ತ ಬಯಲು ಬೆಟ್ಟಗಳ ಚಿತ್ರವಿತ್ತು, ಹಗಲು ಸಂಜೆ ರಾತ್ರಿಗಳನ್ನು ತರುವ ದೀಪಗಳಿದ್ದವು. ಅದು ಶೋಕಿ, ನಗಬಹುದಾದದ್ದು, ಏಕೆಂದರೆ ತನ್ನನ್ನು ತಾನೇ ನಂಬಿಸಿಕೊಳ್ಳಲು ಆತನೇ ಹಣ ತೆತ್ತಿದ್ದ.

ಅಂಬ್ರೆಲಾದ ಕಥೆ ಬರೆದವರಿಗೆ ಈ ವ್ಯತ್ಯಾಸ ಗೊತ್ತಿತ್ತೋ ಇಲ್ಲವೋ, ಸರಣಿಯ ಮುಂದಿನ ಭಾಗಗಳು ಅದನ್ನೇ ಇನ್ನಷ್ಟು ಬಿಚ್ಚಿ ತೋರಿಸಿದವು. 2012ರ ಸಿನಿಮಾದಲ್ಲಿ ಸಮುದ್ರದಡಿಯ ನೆಲೆಯೊಂದರಲ್ಲಿ ಟೋಕಿಯೊ, ನ್ಯೂಯಾರ್ಕ್, ಮಾಸ್ಕೊ ನಗರಗಳ ಬೀದಿಗಳೇ ನಕಲಾಗಿ ನಿಂತಿವೆ, ಅಂದರೆ ಸುಳ್ಳು ಕಿಟಕಿ ಬೆಳೆದು ಸುಳ್ಳು ನಗರವಾಗಿದೆ, ಅಲ್ಲಿಯ ನಿವಾಸಿಗಳೂ ತಯಾರಿಸಿದವರೇ. 2016ರ ಕೊನೆಯ ಭಾಗದಲ್ಲಿ ಕಥೆ ಮತ್ತೆ ಹೈವ್‌ಗೆ ಮರಳಿದಾಗ ತಿಳಿಯುವುದೇನೆಂದರೆ, ನೌಕರರು ಸತ್ತುಬಿದ್ದ ಅದೇ ಕಟ್ಟಡದಲ್ಲಿ ಕಂಪನಿಯ ದೊಡ್ಡವರು ಹಿಮನಿದ್ರೆಯಲ್ಲಿ, ಅಂದರೆ ದೇಹವನ್ನು ಅತಿಶೀತದಲ್ಲಿಟ್ಟು ಕಾಪಾಡುವ ಪೆಟ್ಟಿಗೆಗಳಲ್ಲಿ, ಮೇಲಿನ ಜಗತ್ತು ತಾವೇ ಹಬ್ಬಿಸಿದ ರೋಗದಿಂದ ಖಾಲಿಯಾಗುವುದನ್ನು ಕಾಯುತ್ತ ಮಲಗಿದ್ದಾರೆ. ಒಂದೇ ಕಟ್ಟಡ ಕೆಲವರಿಗೆ ಗೋರಿ, ಕೆಲವರಿಗೆ ದೋಣಿ; ಗೋಡೆಗಳು ಬದಲಾಗಿಲ್ಲ, ಎಚ್ಚರಿಸುವ ಗಂಟೆ ಯಾರಿಗಾಗಿ ಬಾರಿಸುತ್ತದೆ ಎಂಬುದಷ್ಟೇ ಬದಲಾಗಿದೆ.

2002ರ ಸಿನಿಮಾದ ಚಿತ್ರೀಕರಣ ನಡೆದದ್ದು ಜರ್ಮನಿಯ ಬರ್ಲಿನ್‌ನಲ್ಲಿ. ಅದರ ಕೆಲವು ದೃಶ್ಯಗಳಿಗೆ ಬಳಸಿಕೊಂಡದ್ದು ಆಗಿನ್ನೂ ಕಾಮಗಾರಿ ಮುಗಿಯದೆ, ರೈಲು ಓಡದೆ, ಖಾಲಿ ಬಿದ್ದಿದ್ದ ಸುರಂಗ ರೈಲು ನಿಲ್ದಾಣವೊಂದನ್ನು. ಜರ್ಮನಿಯ ಸಂಸತ್ ಭವನದ ಪಕ್ಕದಲ್ಲಿರುವ ಆ ನಿಲ್ದಾಣ 2009ರ ಆಗಸ್ಟ್ 8ರಂದು ಪ್ರಯಾಣಿಕರಿಗೆ ತೆರೆಯಿತು. ರೈಲಿಳಿದವರು ಅಲ್ಲಿ ಮೆಟ್ಟಿಲೇರಿ ನೇರವಾಗಿ ಬಯಲಿಗೆ ಬರುತ್ತಾರೆ.